ಒಬ್ಬರಿಗೆ ಮಾತ್ರ ಪಾಸ್

ಇಚಲಕರಂಜಿ

ನೂತನ ವೈನಿಯವರಿಗೆ ನಮಸ್ಕಾರ.

ಗಡಹಿಂಗ್ಲಜದಲ್ಲಿ ನಿಮ್ಮ ಯಜಮಾನ ಧನಪಾಲನ ಹೆಸರಿನ ಫುಟ್‌ಬಾಲ್ ಮೈದಾನದ ಉದ್ಘಾಟನೆಗೆ ನನಗೆ ಪಾಸ್ ಬಂದಿದೆ. "ಗೆಳೆಯನಿಗೆ, ಧನಪಾಲನಿಂದ" ಎಂದು ಬರೆದಿದೆ. ನನಗೆ ಅನುಮಾನ. ಭಾರತ ತಂಡದಲ್ಲಿ ಎಂಟು ವರ್ಷ ಜೊತೆಗಿದ್ದೆ. ಅವನು ಯಾರಿಗೂ ಪಾಸ್ ಕೊಟ್ಟವನೇ ಅಲ್ಲ. ಕಾಠ್ಮಂಡುವಿನ ಫೈನಲ್‌ನಲ್ಲಿ ಎದುರಾಳಿಗಳಿಗೆ ತಿಳಿಯದಂತೆ ಕನ್ನಡದಲ್ಲಿ "ಯಲಗೂರ್ಯಾ, ಎಡಕ್ಕ ಹಾಕಲೇ!" ಎಂದು ಕೂಗಿದ. ಹಾಕಿದೆ. ಗೋಲು ಅವನದಾಯಿತು, ಪೇಪರಿನ ಫೋಟೋವೂ ಅವನದೇ.

ಪಾಸಿನ ಮೇಲಿನ ಅಕ್ಷರ ನಿಮ್ಮದು, ವೈನಿ. ವರ್ಷವರ್ಷ ಕ್ಷಮಾವಣಿ ಹಬ್ಬಕ್ಕೆ ಅವನ ಹೆಸರಿನಲ್ಲಿ ಕ್ಷಮೆ ಕೇಳುವ ಕಾರ್ಡಿನ ಅಕ್ಷರವೂ ಇದೇ. ಪಾಸ್ ವಾಪಸ್ ಕಳಿಸಿದ್ದೇನೆ, ಬೇಜಾರಾಗಬೇಡಿ. ನಾನು ಬರುವುದು ಅವನಿಗೆ ಬೇಕಿದ್ದರೆ ಫೋನಿನಲ್ಲಿ ಒಮ್ಮೆ ಹಾಗೆಯೇ ಕೂಗಲಿ. ಮೊಣಕಾಲು ಕೆಟ್ಟಿದೆ. ಆದರೂ ಆ ಕೂಗು ಕಿವಿಗೆ ಬಿದ್ದರೆ ಕಾಲು ನನ್ನ ಮಾತು ಕೇಳದೆ ಓಡಿ ಬಂದುಬಿಡುತ್ತದೆ.

ನಿಮ್ಮ ಮೈದುನನಂಥ,
ಯಲಗೂರಪ್ಪ