ಅಳಿಸಿದ ದನಿ

೧೪ ನವೆಂಬರ್, ಶುಕ್ರವಾರ

ಇವರ ಹಳೇ ಲ್ಯಾಪ್‌ಟಾಪನ್ನು ನಾಳೆ ಮರುಬಳಕೆಯವರು ಒಯ್ಯುತ್ತಾರೆ. ಇವರು ತೀರಿಹೋದ ಮೇಲೆ ಎಂಟು ತಿಂಗಳಿಂದ ಮುಂದೂಡುತ್ತಿದ್ದ ಕೆಲಸ, ಇವತ್ತು ಕೂತು ಎಲ್ಲ ಅಳಿಸಿಬಿಟ್ಟೆ.

ಫೋಟೋಗಳನ್ನು ಮಗಳು ಮೊದಲೇ ತೆಗೆದಿಟ್ಟುಕೊಂಡಿದ್ದಳು. ಉಳಿದದ್ದು ರೋಗಿಗಳ ರೆಕಾರ್ಡಿಂಗು. ಲಕ್ವ ಹೊಡೆದು ಮಾತು ನಿಂತವರಿಗೆ ಇವರು ಮತ್ತೆ ಮಾತು ಕಲಿಸುತ್ತಿದ್ದರಲ್ಲ, ಅವು. ಕಲಿತಾದ ಮೇಲೆ ಅಳಿಸುತ್ತೇನೆಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದರು. ಇವರ ದನಿ ಉಳಿದಿದ್ದೂ ಅಲ್ಲಿ ಮಾತ್ರ. ಮನೆಯಲ್ಲಿ ವಿಡಿಯೋ ಅಂದರೆ ಮೈಲಿ ದೂರ ಓಡುತ್ತಿದ್ದ ಮನುಷ್ಯ.

ಒಂದನ್ನು ಹಾಕಿ ಕೇಳಿದೆವು. ಯಾರೋ ಮುದುಕರು, ಹೆಂಡತಿಯ ಹೆಸರು ಬಾಯಿಗೆ ಬಾರದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. "ಅವಸರ ಇಲ್ಲ ಯಜಮಾನ್ರೇ, ನಿಧಾನಕ್ಕೆ ಹೇಳಿ" ಅಂದರು ಇವರು.

"ಇದೊಂದು ಇಟ್ಕೊಳ್ಳೋಣಮ್ಮಾ. ಯಾರಿಗೆ ಗೊತ್ತಾಗತ್ತೆ?" ಅಂದಳು ಮಗಳು.

"ಆ ಅಳು ನಮ್ಮದಲ್ಲ ಕಣೇ."

"ಹಾಗಿದ್ರೆ ನೀನೇ ಅಳಿಸು. ನನ್ನ ಕೈಲಾಗಲ್ಲ" ಅಂತ ಎದ್ದು ಹೋದಳು. ಅಳಿಸಿದೆ. ಊಟಕ್ಕೂ ಅವಳು ಬರಲಿಲ್ಲ.

ಮಾಡಿದ್ದು ಸರಿಯೇ, ಗೊತ್ತು. ಆ ಮುದುಕರಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಆದರೆ ನನ್ನನ್ನು ಕರೆಯುತ್ತಿದ್ದ ದನಿ, ಅಡುಗೆಮನೆ ಬಾಗಿಲಲ್ಲಿ ನಿಂತು ಕರೆಯುತ್ತಿದ್ದದ್ದು, ಆಗಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ, ಅದು ಮಾತ್ರ ಕಿವಿಗೆ ಬರುತ್ತಿಲ್ಲ.