ಇಲ್ಲ ಎನ್ನಲು ಒಬ್ಬರು

ಡಯಾಲಿಸಿಸ್ ಕೇಂದ್ರಕ್ಕೆ ದೇಣಿಗೆ ಎತ್ತುವ ತಂಗಿಗೆ,

ಇಪ್ಪತ್ತೆರಡು ವರ್ಷದಿಂದ ಕಿವುಡ ಮಕ್ಕಳ ಶಾಲೆಗಾಗಿ ಕಂಡವರ ಬಾಗಿಲು ತಟ್ಟುತ್ತಿದ್ದೇನೆ. ಶಾಲೆಯಲ್ಲಿ ಮೇಷ್ಟರಿಗೆ ಜೊತೆಗೆ ಮೇಷ್ಟರುಗಳಿದ್ದಾರೆ, ಅಡುಗೆಯವರಿಗೆ ಅಡುಗೆಯವರು. ದೇಣಿಗೆಗೆ ನಾನೊಬ್ಬನೇ. 'ನಿಮಗೇನ್ರೀ, ಮಾತಾಡೋದು ತಾನೇ ಕೆಲಸ' ಎಂದು ಅಧ್ಯಕ್ಷರು ನಗುತ್ತಾರೆ. ಇಂಥ ಒಂಟಿತನಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯದೊಂದು ಪದವಿತ್ತು. ಲೋನ್ಲಿನೆಸ್ ಅಲ್ಲ, ಇನ್ನೊಂದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಈಗ 'ಸಾಲಿ' ಎನ್ನುವಷ್ಟೇ ನೆನಪಿದೆ. ಇರಲಿ, ಎಲ್ಲಿಗೋ ಹೋದೆ.

ನನ್ನವಳಿದ್ದಾಗ ಆ ಪದ ಬೇಕಾಗಿರಲಿಲ್ಲ. ಯಾರನ್ನಾದರೂ ಕಾಣಲು ಹೋಗುವ ಮುನ್ನ ಅವಳನ್ನು ಎದುರಿಗೆ ಕೂರಿಸಿಕೊಂಡು ದೇಣಿಗೆ ಕೇಳಿ ನೋಡುತ್ತಿದ್ದೆ. ಅವಳು ನನ್ನ ಕನ್ನಡಕ ಹಾಕಿಕೊಂಡು, ಮೂಗಿನ ತುದಿಗೆ ಇಳಿಸಿ, 'ಈ ವರ್ಷ ಕಷ್ಟ ಕಣ್ರೀ' ಎನ್ನುವಳು. ಆಮೇಲೆ ನಿಜವಾದ ಸಾಹುಕಾರರು ಸಪ್ಪೆ ಎನಿಸುತ್ತಿದ್ದರು. ಅವಳು ಹೋಗಿ ಎಂಟು ತಿಂಗಳು. ಈಗ ಹೋಗುತ್ತೇನೆ, ಕೂರುತ್ತೇನೆ, ಕೊಟ್ಟ ಕಾಫಿ ಕುಡಿದು, ಕೇಳದೆಯೇ ಎದ್ದು ಬರುತ್ತೇನೆ. ಯಾರಿಗೂ ಹೇಳಿಲ್ಲ. ಸಂಬಳಕ್ಕೆ ಹಣವಿಲ್ಲದೆ, ಮಾತು ಕಲಿಸುವ ಟೀಚರಮ್ಮನಿಗೆ ಈ ತಿಂಗಳೇ ಕೊನೆ ಎಂದು ಅಧ್ಯಕ್ಷರು ಹೇಳಿದಾಗಲೂ ಬಾಯಿ ಬಿಡಲಿಲ್ಲ.

ಮೊನ್ನೆ ಪೇಂಟ್ ಕಾರ್ಖಾನೆಯ ಮಾಲೀಕರ ಕೋಣೆಯ ಹೊರಗೆ, ಬೆಂಚಿನ ಆ ತುದಿಯಲ್ಲಿ ನೀವಿದ್ದಿರಿ. ಇಂಥ ಬೆಂಚುಗಳ ಮೇಲೆ ನಾವಿಬ್ಬರೂ ವರ್ಷಗಟ್ಟಲೆ ಫೈಲು ಮುಚ್ಚಿಟ್ಟುಕೊಂಡು ಕೂತವರು. ನಾನು ಎರಡು ಸಲ ಎದ್ದು ಮತ್ತೆ ಕೂತದ್ದನ್ನು ಕಂಡು ನೀವೇ ಹತ್ತಿರ ಸರಿದಿರಿ. 'ಸರ್, ಒಳಗೆ ಏನ್ ಕೇಳ್ತೀರೋ ನನ್ನನ್ನ ಕೇಳಿ. ನಾನು ಇಲ್ಲ ಅಂತೀನಿ. ನಂಗೂ ಮನೇಲಿ ಕೇಳಿ ನೋಡೋಕೆ ಕನ್ನಡಿನೇ ಗತಿ.' ಕೇಳಿದೆ. ಇಲ್ಲ ಎಂದಿರಿ. ಮತ್ತೆ ಕೇಳಿದೆ, ಇನ್ನೂ ಒರಟಾಗಿ ಇಲ್ಲ ಎಂದಿರಿ. ಮೂರನೇ ಸಲಕ್ಕೆ ನನ್ನ ದನಿ ನನಗೇ ಕೇಳಿಸಿತು. ಒಳಗೆ ಹೋಗಿ ಟೀಚರಮ್ಮನ ಒಂದು ವರ್ಷದ ಸಂಬಳ ಕೇಳಿದೆ. ಒಪ್ಪಿದರು.

ನನ್ನ ನಂತರ ಒಳಹೋದ ನಿಮಗೆ 'ಈ ವರ್ಷದ್ದು ಮುಗೀತು' ಎಂದರಂತೆ. ಅದನ್ನೂ ನಗುತ್ತಲೇ ಹೇಳಿ ಮೆಟ್ಟಿಲಿಳಿದಿರಿ. ನಿಮ್ಮನ್ನು ತಡೆದು ನಿಲ್ಲಿಸಲು ನನಗೆ ಮುಖವಿರಲಿಲ್ಲ.

ಅದಕ್ಕೇ ನಮ್ಮ ಕಸುಬಿನವರು ಯಾರೂ ಮಾಡದ್ದನ್ನು ಮಾಡುತ್ತಿದ್ದೇನೆ. ನನ್ನ ಹಳೆಯ ದಾನಿಯೊಬ್ಬರನ್ನು ನಿಮಗೆ ಬಿಟ್ಟುಕೊಡುತ್ತಿದ್ದೇನೆ. ಪೇಟೆಯ ಬಟ್ಟೆ ವ್ಯಾಪಾರಿ. ಗುರುವಾರ ಹನ್ನೊಂದಕ್ಕೆ ನೀವು ಬರುತ್ತೀರೆಂದು ಹೇಳಿಟ್ಟಿದ್ದೇನೆ. ಎರಡು ಸಲ ಇಲ್ಲ ಎನ್ನುತ್ತಾರೆ. ಆಮೇಲೆ ಸುಮ್ಮನೆ ಕೂತೇ ಇರಿ. ಅವರಿಗೆ ಮೌನ ತಡೆಯಲಾಗುವುದಿಲ್ಲ. ಹತ್ತಕ್ಕೇ ನಮ್ಮ ಆಫೀಸಿಗೆ ಬನ್ನಿ, ವ್ಯಾಪಾರಿ ನಾನಾಗುತ್ತೇನೆ. ಕನಿಕರ ತೋರಿಸುವುದಿಲ್ಲ. ನನ್ನ ಕೋಣೆಯಲ್ಲಿ ಎರಡನೇ ಕುರ್ಚಿಯಿಲ್ಲ, ತರಿಸಿಡುತ್ತೇನೆ.

ಕೇಳುವ ಹೊತ್ತಿಗೆ ನಿಮಗೆ ಮಾತು ಎಂದೂ ಕೈಕೊಡದಿರಲಿ. ಇಷ್ಟು ವರ್ಷ ಪ್ರತಿ ಪತ್ರಕ್ಕೂ ಶಾಲೆಯ ಪರವಾಗಿ ಸಹಿ ಹಾಕಿದವನು, ಇದಕ್ಕೆ ಮಾತ್ರ ನನ್ನ ಪರವಾಗಿ,

ನಿಮ್ಮ ಅಣ್ಣ