ಗಂಡುಗಲಿ ಬ್ರದರ್ಸ್

ಲೋ ಶ್ರೀವತ್ಸ,

ಇವತ್ತು ಈಸ್ಟ್ ಬ್ರನ್ಸ್‌ವಿಕ್‌ನ ಇಂಡಿಯನ್ ಸ್ಟೋರಿನಲ್ಲಿ ಕರಿಬೇವು ಆರಿಸುತ್ತಿದ್ದೆ. ಒಬ್ಬ ಅಂಕಲ್ ಬಂದು, ‘ನೀವು ಗಂಡುಗಲಿ ಬ್ರದರ್ಸ್‌ನಲ್ಲಿ ಅಣ್ಣ ಅಲ್ವಾ? ಸ್ಕೂಲ್ ಜಿಮ್‌ನಲ್ಲಿ ನಿಮ್ಮ ರೆಸ್ಲಿಂಗ್ ಒಂದೂ ಮಿಸ್ ಮಾಡಿಲ್ಲ’ ಅಂದರು.

ನಮ್ಮನ್ನು ಅಣ್ಣತಮ್ಮಂದಿರು ಎಂದು ಪೋಸ್ಟರಿನಲ್ಲಿ ಹಾಕಿಸಿದ್ದು ಪ್ರಮೋಟರ್. ಆದರೂ ನಿಮ್ಮಮ್ಮ ದೊಡ್ಡ ಮಗ ಅಂತ ನನಗೇ ಮೊದಲು ಬಡಿಸುತ್ತಿದ್ದರು. ಆಮೇಲೆ ನಾನು ನಿನಗೂ ಹೇಳದೆ ಟೀವಿಯ ದೊಡ್ಡ ರೆಸ್ಲಿಂಗ್ ಕಂಪನಿಗೆ ಹೋದೆ. ಅವರು ಬೇರೆ ಹೆಸರಿಟ್ಟು, ವಾರವಾರವೂ ಸೋಲುವ ಪಾತ್ರವನ್ನೇ ಕೊಟ್ಟು, ಎರಡೇ ವರ್ಷಕ್ಕೆ ಕೈಬಿಟ್ಟರು. ಅಂಕಲ್‌ಗೆ ಅದ್ಯಾವುದೂ ಗೊತ್ತಿರಲಿಲ್ಲ.

‘ತಮ್ಮ ಬಂದಿಲ್ವಾ?’

‘ಹೊರಗೆ ಕಾರಲ್ಲಿದ್ದಾನೆ, ಅಂಕಲ್.’

ಸಾಮಾನಿನ ಚೀಲವನ್ನು ಮುಂದಿನ ಸೀಟಿನಲ್ಲಿಡಲು ಹೋದವನು, ತೆಗೆದು ಹಿಂದೆ ಇಟ್ಟೆ.

ಹಿಂದೆ ಕೂತರೆ ನಿನಗೆ ವಾಂತಿ ಬರುತ್ತದಲ್ಲ.